ಸಂಧಿಯೂ ವಿಗ್ರಹವೂ: ರಷ್ಯಾ–ಚೀನಾ ಸಖ್ಯದ ಒಂದು ಅಧ್ಯಯನ

ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ‘ಸಂಧಿವಿಗ್ರಹಿ’ ಎಂಬ ಅಧಿಕಾರಪದ ಅಪರಿಚಿತವಲ್ಲ. ಪರರಾಜ್ಯದೊಡನೆ ಒಪ್ಪಂದ ಮಾಡಿಕೊಳ್ಳುವ ಕಾರ್ಯವೂ ಹಗೆತನವನ್ನು ನಿಭಾಯಿಸುವ ಕಾರ್ಯವೂ ಒಬ್ಬನೇ ಅಧಿಕಾರಿಯ ಹೊಣೆಯಾಗಿದ್ದವೆಂಬುದನ್ನು ಆ ಪದವೇ ಹೇಳುತ್ತದೆ. ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನೇ ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದನೆಂಬುದು ಆಕಸ್ಮಿಕವೆಂದು ತೋರುವುದಿಲ್ಲ. ಅವನ ಗ್ರಂಥದಲ್ಲಿ ವಿಶ್ವಾಸದ ಪ್ರಕರಣ ಮುಗಿದೊಡನೆಯೇ ವಂಚನೆಯ ಪ್ರಕರಣ ಮೊದಲಾಗುತ್ತದೆ. ಸಂಧಿ, ವಿಗ್ರಹಗಳನ್ನು ಎರಡು ಬೇರೆ ಕಾಲಗಳ ಸ್ಥಿತಿಗಳೆಂದು ತಿಳಿಯುವುದು ನಮ್ಮ ಇಂದಿನ ರೂಢಿ. ಅವು ಒಂದೇ ಕಾಲದಲ್ಲಿ, ಅದೇ ಎರಡು ರಾಜ್ಯಗಳ ನಡುವೆ ಇರಬಲ್ಲವೆಂಬುದನ್ನು ಹಳೆಯ ಆಡಳಿತಗಾರರು ಬಲ್ಲವರಾಗಿದ್ದರು. ಪ್ರಸ್ತುತ ಲೇಖನದಲ್ಲಿ ನಮ್ಮ ಕಾಲದ ಅಂತಹುದೊಂದು ಸಂಬಂಧವನ್ನು, ಅಂದರೆ ರಷ್ಯಾ ಮತ್ತು ಚೀನಾಗಳ ನಡುವಣ ಸಖ್ಯವನ್ನು, ಅದರ ಇತಿಹಾಸದ ಹಿನ್ನೆಲೆಯಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ.

ಮೊದಲಿಗೆ ಮಾತಿನ ಪ್ರಶ್ನೆ. ಉಭಯ ದೇಶಗಳು 1996ರಿಂದ ತಮ್ಮ ಸಂಬಂಧವನ್ನು ಕರೆದುಕೊಳ್ಳುತ್ತಿರುವ ಹೆಸರನ್ನು ನಮ್ಮ ಪತ್ರಿಕೆಗಳು ‘ವ್ಯೂಹಾತ್ಮಕ ಪಾಲುದಾರಿಕೆ’ ಎಂದೋ ‘ಕಾರ್ಯತಂತ್ರದ ಸಹಭಾಗಿತ್ವ’ ಎಂದೋ ಅನುವಾದಿಸುತ್ತ ಬಂದಿವೆ. ‘ಮೈತ್ರಿಕೂಟ’ ಎಂಬ ಪದವನ್ನು ಅವರೂ ಬಳಸುವುದಿಲ್ಲ. ಜೊತೆಗಾರಿಕೆ ಉಂಟು, ಕೂಟ ಕಟ್ಟುವುದಿಲ್ಲ ಎಂಬುದು ಚೀನಾದ ರಾಜನೀತಿಯಲ್ಲಿ ಸೂತ್ರಪ್ರಾಯವಾದ ಮಾತು. ಕನ್ನಡದ ‘ಪಾಲುದಾರ’ ಎಂಬ ಪದ ಇಲ್ಲಿ ಮೂಲಕ್ಕಿಂತಲೂ ಹೆಚ್ಚು ಅರ್ಥವತ್ತಾಗಿದೆಯೆಂದು ನನಗನ್ನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಪಾಲುದಾರನೆಂದರೆ ಬೆಳೆಯಲ್ಲಿ ಭಾಗಿ. ಪಾಲು ಕೇಳುವವನೂ ಅವನೇ, ಬದುವಿನ ಜಗಳದಲ್ಲಿ ಎದುರುನಿಲ್ಲುವವನೂ ಹಲವು ವೇಳೆ ಅವನೇ. ಈ ಎರಡು ದೇಶಗಳ ನಡುವಣ ಬದುವಾದರೋ ಸುಮಾರು 4,200 ಕಿಲೋಮೀಟರು ಉದ್ದದ್ದು.

ಈ ಬದುವಿನ ಮೊದಲ ಗುರುತು ಬಿದ್ದದ್ದು 1689ರ ನೆರ್ಚಿನ್‌ಸ್ಕ್ ಒಪ್ಪಂದದಲ್ಲಿ. ಸೈಬೀರಿಯಾದ ತುಪ್ಪಳಗಳನ್ನು ಅರಸುತ್ತ ಪೂರ್ವಕ್ಕೆ ಸರಿದ ಕೊಸಾಕರು ಅಮೂರ್ ನದಿಯ ತೀರದ ಅಲ್ಬಾಝಿನ್‌ನಲ್ಲಿ ಕೋಟೆ ಕಟ್ಟಿದ್ದರು. ಚೀನಾದಲ್ಲಿ ಆಗ ಮಂಚು ಮೂಲದ ಚಿಂಗ್ ವಂಶದ ಕಾಂಗ್‌ಶಿ ಸಮ್ರಾಟನ ಆಳ್ವಿಕೆ. ಎರಡು ಮುತ್ತಿಗೆಗಳಾದ ಮೇಲೆ ಸಂಧಾನ ನಡೆಯಿತು. ಸಂಧಾನದ ಭಾಷೆ ಯಾವುದೆಂಬುದು ಭಾಷಾವಿಭಾಗದ ಈ ಸಂಪುಟದ ಓದುಗರಿಗೆ ಕುತೂಹಲಕರ. ರಷ್ಯನ್ನರಿಗೆ ಮಂಚು ಭಾಷೆ ಸಾಲದು, ಮಂಚುಗಳಿಗೆ ರಷ್ಯನ್ ಸಾಲದು. ಸಮ್ರಾಟನ ಸೇವೆಯಲ್ಲಿದ್ದ ಇಬ್ಬರು ಜೆಸ್ವಿಟ್ ಪಾದ್ರಿಗಳು, ಪೋರ್ಚುಗಲ್ಲಿನ ಪೆರೇರಾ ಮತ್ತು ಫ್ರಾನ್ಸಿನ ಗೆರ್ಬಿಲೋನ್, ದುಭಾಷಿಗಳಾದರು. ಕರಾರುಪತ್ರದ ಪ್ರಮಾಣಭೂತ ಪಾಠ ಸಿದ್ಧವಾದದ್ದು ಲ್ಯಾಟಿನ್ ಭಾಷೆಯಲ್ಲಿ. ಏಷ್ಯಾದ ಎರಡು ಮಹಾಸಾಮ್ರಾಜ್ಯಗಳ ಮೊದಲ ಗಡಿಯನ್ನು ಎರಡಕ್ಕೂ ಸೇರದ ಭಾಷೆಯೊಂದು ಗುರುತಿಸಿತು.

ಅಲ್ಬಾಝಿನ್ ಕೋಟೆಯನ್ನು ಕೆಡವಲು ರಷ್ಯಾ ಒಪ್ಪಿತು. ಪ್ರತಿಯಾಗಿ ಅದಕ್ಕೆ ವ್ಯಾಪಾರದ ಅವಕಾಶ ದೊರೆಯಿತು. ಆದರೆ ಚಿಂಗ್ ಅರಸರು ಇಷ್ಟು ಸುಲಭವಾಗಿ ರಾಜಿಗೆ ಬಂದದ್ದೇಕೆ? ಪಶ್ಚಿಮದಲ್ಲಿ ಝುಂಗಾರ್ ಮಂಗೋಲರ ನಾಯಕ ಗಾಲ್ದಾನ್ ಪ್ರಬಲನಾಗುತ್ತಿದ್ದ. ರಷ್ಯನ್ನರು ಅವನೊಡನೆ ಸೇರಿಕೊಂಡರೆಂಬ ಭೀತಿ ಅವರನ್ನು ಕಾಡುತ್ತಿತ್ತು. ಈ ಅಂಶವನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಮೂರು ಶತಮಾನಗಳಲ್ಲಿ ಇವೆರಡು ದೇಶಗಳು ಹತ್ತಿರ ಬಂದಾಗಲೆಲ್ಲ ನಡುವೆ ಮೂರನೆಯವನೊಬ್ಬನ ನೆರಳು ಇದ್ದೇ ಇರುತ್ತದೆ.

1727ರ ಕ್ಯಾಖ್ತಾ ಒಪ್ಪಂದದ ತರುವಾಯ ಗಡಿಪಟ್ಟಣದಲ್ಲಿ ತುಪ್ಪಳ, ಚಹಾ, ರೇವಲ್ಚಿನ್ನಿಗಳ ವ್ಯಾಪಾರ ಬೆಳೆಯಿತು. ಅಲ್ಲಿನ ವರ್ತಕರ ನಡುವೆ ರಷ್ಯನ್ ಪದಗಳೂ ಚೀನೀ ವಾಕ್ಯಸರಣಿಯೂ ಬೆರೆತ ಒಂದು ಸಂಕರಭಾಷೆ ಹುಟ್ಟಿಕೊಂಡಿತು. ಬಂದರಿನ ಹಿಂದಿಯನ್ನು ದಿನನಿತ್ಯ ಕೇಳುವ ಮುಂಬಯಿ ಕನ್ನಡಿಗರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ಒಂದೂವರೆ ಶತಮಾನದ ಆ ಗಡಿಶಾಂತಿ ಅರಸರಿಗಿಂತ ಹೆಚ್ಚಾಗಿ ಚಹಾದ ವರ್ತಕರಿಗೆ ಋಣಿಯೆಂದರೆ ಅತಿಶಯೋಕ್ತಿಯಾಗಲಾರದು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಲಾಬಲಗಳು ಬದಲಾದವು. ಅಫೀಮು ಯುದ್ಧಗಳಿಂದಲೂ ತೈಪಿಂಗ್ ದಂಗೆಯಿಂದಲೂ ಜರ್ಜರಿತವಾಗಿದ್ದ ಚೀನಾದಿಂದ ರಷ್ಯಾ 1858ರ ಐಗುನ್ ಒಪ್ಪಂದದಲ್ಲಿ ಅಮೂರ್ ನದಿಯ ಉತ್ತರದಂಡೆಯನ್ನು ಪಡೆಯಿತು. 1860ರಲ್ಲಿ ಬ್ರಿಟಿಷ್ ಹಾಗೂ ಫ್ರೆಂಚ್ ಸೇನೆಗಳು ಪೀಕಿಂಗನ್ನು ಹೊಕ್ಕು ಬೇಸಗೆಯರಮನೆಯನ್ನು ಸುಟ್ಟಾಗ ರಷ್ಯಾದ ರಾಯಭಾರಿ ಇಗ್ನಾತ್ಯೆವ್ ಮಧ್ಯಸ್ಥನಂತೆ ನಡುವೆ ನಿಂತನು. ಆ ಮಧ್ಯಸ್ಥಿಕೆಗೆ ಸಂಭಾವನೆಯಾಗಿ ಅವನು ಪಡೆದದ್ದು ಉಸ್ಸೂರಿ ನದಿಯ ಪೂರ್ವಕ್ಕೆ ಸಮುದ್ರದವರೆಗಿನ ಭೂಭಾಗ! ಎರಡೂ ಸೇರಿ ಸುಮಾರು ಹತ್ತು ಲಕ್ಷ ಚದರ ಕಿಲೋಮೀಟರು. ಅದೇ ವರ್ಷ ಆ ಕಡಲತೀರದಲ್ಲಿ ಸ್ಥಾಪಿತವಾದ ಊರಿಗೆ ‘ಪೂರ್ವವನ್ನು ಆಳು’ ಎಂಬ ಅರ್ಥದ ವ್ಲಾಡಿವೊಸ್ತೊಕ್ ಎಂಬ ಹೆಸರಾಯಿತು. ಚೀನೀಯರು ಅದನ್ನು ಹೈಶೆನ್‌ವೈ ಎಂದು ಕರೆಯುತ್ತಾರೆ. ಕಡಲಸೌತೆಯೆಂಬ ಜಲಜಂತುವಿನ ಕೊಲ್ಲಿ ಎಂದು ಅದರ ಭಾವ. ಒಂದು ಹೆಸರಿನಲ್ಲಿ ಸಾಮ್ರಾಜ್ಯದ ಆಜ್ಞೆಯಿದೆ, ಇನ್ನೊಂದರಲ್ಲಿ ಬೆಸ್ತರ ನೆನಪಿದೆ. 2023ರಲ್ಲಿ ಚೀನಾ ಸರಕಾರ ತನ್ನ ಭೂಪಟಗಳಲ್ಲಿ ಈ ಹಳೆಯ ಹೆಸರನ್ನೂ ನಮೂದಿಸಬೇಕೆಂದು ವಿಧಿಸಿದ್ದನ್ನು ನೆನೆದರೆ, ಸ್ಥಳನಾಮಗಳ ಅಧ್ಯಯನ ಕೇವಲ ಪಾಂಡಿತ್ಯದ ವಿಷಯವಲ್ಲವೆಂಬುದು ಮನವರಿಕೆಯಾಗುತ್ತದೆ.

ಇಪ್ಪತ್ತನೆಯ ಶತಮಾನದ ಕ್ರಾಂತಿಗಳು ಈ ಲೆಕ್ಕವನ್ನು ಅಳಿಸಿಹಾಕುವುವೆಂದು ಅನೇಕರು ನಂಬಿದ್ದರು. 1949ರ ಡಿಸೆಂಬರಿನಲ್ಲಿ ಮಾಸ್ಕೋಗೆ ಹೋದ ಮಾವೋ ಸುಮಾರು ಎರಡು ತಿಂಗಳು ಅಲ್ಲಿ ಕಾಯಬೇಕಾಯಿತು. 1950ರ ಫೆಬ್ರವರಿ 14ರಂದು ಸಹಿಯಾದ ಮೂವತ್ತು ವರ್ಷಗಳ ಒಪ್ಪಂದ ನಿಜವಾದ ಅರ್ಥದಲ್ಲಿ ಮೈತ್ರಿಕೂಟವಾಗಿತ್ತು. ಒಬ್ಬರ ಮೇಲೆ ಜಪಾನಾಗಲಿ ಅದರೊಡನೆ ಕೂಡಿದವರಾಗಲಿ ದಾಳಿ ಮಾಡಿದರೆ ಇನ್ನೊಬ್ಬರು ಸೇನಾಸಹಾಯ ನೀಡತಕ್ಕದ್ದೆಂಬ ಕರಾರು ಅದರಲ್ಲಿತ್ತು. ಮೂವತ್ತು ಕೋಟಿ ಡಾಲರುಗಳ ಸಾಲ ದೊರೆಯಿತು. ಸೋವಿಯತ್ ನೆರವಿನ 156 ಯೋಜನೆಗಳು ಚೀನಾದ ಭಾರಿ ಕೈಗಾರಿಕೆಗೆ ಅಡಿಪಾಯ ಹಾಕಿದವು. ಆದರೆ ಅದೇ ದಿನ ಸಹಿಯಾದ ಒಂದು ಗುಪ್ತಪತ್ರದ ಪ್ರಕಾರ ಮಂಚೂರಿಯಾ ಮತ್ತು ಶಿಂಜಿಯಾಂಗ್‌ಗಳಲ್ಲಿ ಮೂರನೆಯ ದೇಶದವರಿಗೆ ಉದ್ಯಮಾವಕಾಶ ಕೊಡಕೂಡದಾಗಿತ್ತು. ಚೀನಾದ ನೆಲದಲ್ಲಿ ಚೀನಾದ ಕೈಯನ್ನೇ ಕಟ್ಟುವ ಈ ಷರತ್ತನ್ನು ಮಾವೋ ಮರೆಯಲಿಲ್ಲ. 1958ರಲ್ಲಿ ಜಂಟಿ ಜಲಾಂತರ್ಗಾಮಿ ಪಡೆಯ ಸಲಹೆ ಬಂದಾಗ ಆತ ಸೋವಿಯತ್ ರಾಯಭಾರಿಯ ಮುಂದೆ ಹಳೆಯ ಕುಂದುಗಳನ್ನೆಲ್ಲ ಎತ್ತಿ ಆಡಿದ. ಸಮಾಧಾನ ಹೇಳಲು ಧಾವಿಸಿ ಬಂದ ಕ್ರುಶ್ಚೇವನನ್ನು ಈಜುಕೊಳದಲ್ಲಿ ಬರಮಾಡಿಕೊಂಡ ಪ್ರಸಂಗ ಪ್ರಸಿದ್ಧವಾದುದು. ಮಾವೋ ನುರಿತ ಈಜುಗಾರ, ಅತಿಥಿಗೆ ತೇಲುಬುರುಡೆಯ ಆಸರೆ ಬೇಕಾಗಿತ್ತು.

ಮುಂದಿನದನ್ನು ವಿಸ್ತರಿಸಬೇಕಾಗಿಲ್ಲ. ಸ್ಟಾಲಿನ್‌ನನ್ನು ಖಂಡಿಸಿದ 1956ರ ಭಾಷಣ, ಅಣುಬಾಂಬಿನ ಮಾದರಿಯನ್ನು ಕೊಡಲೊಪ್ಪದ 1959ರ ನಿರ್ಧಾರ, 1960ರಲ್ಲಿ ಸೋವಿಯತ್ ತಂತ್ರಜ್ಞರ ಹಠಾತ್ ನಿರ್ಗಮನ: ಹೀಗೆ ಬಿರುಕು ಬೆಳೆಯಿತು. ತತ್ತ್ವದ ಜಗಳವೆಂದು ಆಗ ಎಲ್ಲರೂ ಬರೆದರು. ಸಂಪುಟಗಟ್ಟಲೆ ವಾದವಿವಾದಗಳು ಪ್ರಕಟವಾದವು. ನಮ್ಮ ದೇಶದ ಕಮ್ಯುನಿಸ್ಟ್ ಪಕ್ಷ 1964ರಲ್ಲಿ ಇಬ್ಭಾಗವಾದದ್ದರಲ್ಲಿಯೂ ಆ ವಾದದ ಪಾಲಿತ್ತು. ಆದರೆ 1989ರ ಮೇ ತಿಂಗಳಲ್ಲಿ ಗೋರ್ಬಚೇವ್ ಪೀಕಿಂಗಿಗೆ ಬಂದಾಗ ಮುದುಕ ಡೆಂಗ್ ಶಿಯಾವೊಪಿಂಗ್ ಆಡಿದ ಮಾತಿನ ತಾತ್ಪರ್ಯ ಬೇರೆಯೇ ಆಗಿತ್ತು. ತತ್ತ್ವದ ವಿವಾದದಲ್ಲಿ ಎರಡೂ ಕಡೆ ಬರಿಯ ಮಾತುಗಳೇ ಹೆಚ್ಚಾಗಿದ್ದವು, ನಿಜವಾದ ಸಮಸ್ಯೆ ಅಸಮಾನತೆಯದು, ಚೀನೀಯರಿಗೆ ಅವಮಾನವಾಗಿತ್ತು ಎಂದು ಆತ ವಿವರಿಸಿದ. ಈ ಸಂಬಂಧದ ಬಗ್ಗೆ ನಾನು ಓದಿದವುಗಳಲ್ಲಿ ಇಷ್ಟು ಪ್ರಾಮಾಣಿಕವಾದ ಹೇಳಿಕೆ ಇನ್ನೊಂದಿಲ್ಲ. ಅಂದು ಅವಮಾನಿತನ ಸ್ಥಾನದಲ್ಲಿದ್ದುದು ಚೀನಾ. ಇಂದು ಆ ಪೀಠದ ಕಡೆಗೆ ಯಾರು ಸರಿಯುತ್ತಿದ್ದಾರೆಂಬ ಪ್ರಶ್ನೆಗೆ ಮುಂದೆ ಬರುತ್ತೇನೆ.

ಬಿರುಕಿನ ಪರಾಕಾಷ್ಠೆ 1969ರ ಮಾರ್ಚಿನಲ್ಲಿ. ಉಸ್ಸೂರಿ ನದಿಯ ನಡುವಣ ಒಂದು ಚದರ ಕಿಲೋಮೀಟರೂ ಇಲ್ಲದ ನಡುಗಡ್ಡೆ. ರಷ್ಯನ್ನರಿಗೆ ದಮಾನ್‌ಸ್ಕಿ, ಚೀನೀಯರಿಗೆ ಝೆನ್‌ಬಾವೊ. ಮೊದಲ ದಿನವೇ 31 ಸೋವಿಯತ್ ಗಡಿರಕ್ಷಕರು ಹತರಾದರು. ಅಣ್ವಸ್ತ್ರಗಳುಳ್ಳ ಎರಡು ರಾಷ್ಟ್ರಗಳು ನೇರವಾಗಿ ಗುಂಡು ಹಾರಿಸಿಕೊಂಡ ಮೊದಲ ಪ್ರಸಂಗವದು. ಕಾಗದದ ಮೇಲೆ 1950ರ ಮೈತ್ರಿಯ ಒಪ್ಪಂದ ಆಗಲೂ ಜಾರಿಯಲ್ಲಿತ್ತೆಂಬುದು ಗಮನಾರ್ಹ. ಅದರ ಅವಧಿ ಮುಗಿದದ್ದು 1980ರಲ್ಲಿ. ಪರಸ್ಪರ ರಕ್ಷಣೆಯ ಕರಾರು ಬದುಕಿರುವಾಗಲೇ ಗಡಿಯುದ್ದಕ್ಕೂ ನಲವತ್ತಕ್ಕೂ ಹೆಚ್ಚು ಸೋವಿಯತ್ ಡಿವಿಷನ್ನುಗಳು ಬೀಡುಬಿಟ್ಟವು. ಇತ್ತ ಚೀನಾ ಅಮೆರಿಕದ ಕಡೆಗೆ ಮುಖ ಮಾಡಿತು. 1971ರ ಜುಲೈಯಲ್ಲಿ ಕಿಸಿಂಜರ್ ಗುಟ್ಟಾಗಿ ಪೀಕಿಂಗಿಗೆ ಹೋಗಿಬಂದ ಒಂದೇ ತಿಂಗಳಲ್ಲಿ, ಆಗಸ್ಟ್ 9ರಂದು, ಭಾರತ–ಸೋವಿಯತ್ ಒಪ್ಪಂದಕ್ಕೆ ದೆಹಲಿಯಲ್ಲಿ ಸಹಿಬಿತ್ತು. ನಮ್ಮ ಪೀಳಿಗೆಯವರಿಗೆ ‘ರಷ್ಯಾ ನಮ್ಮ ಮಿತ್ರ’ ಎಂಬ ಮಾತು ಸಹಜಸತ್ಯದಂತೆ ಕೇಳಿಸುವುದಕ್ಕೆ ಬಾಂಗ್ಲಾ ಯುದ್ಧದ ಆ ವರ್ಷವೇ ಕಾರಣ. ಆ ಸಹಜಸತ್ಯದ ಬೇರು ಉಸ್ಸೂರಿಯ ಹಿಮದಲ್ಲಿಯೂ ಇತ್ತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1962ರ ಅಕ್ಟೋಬರಿನಲ್ಲಿ, ಕ್ಯೂಬಾದ ಬಿಕ್ಕಟ್ಟು ತಲೆಯ ಮೇಲಿದ್ದಾಗ, ಮಾಸ್ಕೋದ ಪ್ರಾವ್ದಾ ಪತ್ರಿಕೆ ಗಡಿ ವಿಷಯದಲ್ಲಿ ಚೀನಾದ ಕಡೆಗೆ ವಾಲಿ ಬರೆದಿತ್ತು. ಬಿಕ್ಕಟ್ಟು ಕಳೆದ ಮೇಲೆ ಅದರ ಧ್ವನಿ ಬದಲಾಯಿತು. ಇದನ್ನೂ ಜೊತೆಗಿಟ್ಟು ನೋಡಬೇಕು.

ಈಗಿನ ಸಖ್ಯದ ಆರಂಭ ಗಡಿಯಿಂದಲೇ ಆಯಿತೆಂಬುದು ಅದರ ಶ್ರೇಷ್ಠ ಅಂಶ. 1991ರ ಮೇ ತಿಂಗಳಲ್ಲಿ, ಸೋವಿಯತ್ ಒಕ್ಕೂಟ ಅಳಿಯುವ ಕೆಲವೇ ತಿಂಗಳ ಮೊದಲು, ಪೂರ್ವಗಡಿಯ ಒಪ್ಪಂದವಾಯಿತು. ರಕ್ತ ಹರಿದ ಆ ನಡುಗಡ್ಡೆ ಚೀನಾಕ್ಕೆ ಸೇರಿತು. ಉಳಿದ ನಡುಗಡ್ಡೆಗಳ ವಿಷಯ 2004ರಲ್ಲಿ ತೀರ್ಮಾನವಾಗಿ 2008ರಲ್ಲಿ ಹಸ್ತಾಂತರ ಪೂರ್ಣಗೊಂಡಿತು. ಖಬಾರೊವ್‌ಸ್ಕ್ ನಗರದ ಎದುರಿನ ದೊಡ್ಡ ನಡುಗಡ್ಡೆಯನ್ನು ಎರಡು ಭಾಗ ಮಾಡಿ ಹಂಚಿಕೊಂಡರು. ಗಡಿಯ ತಕರಾರನ್ನು ದಶಕಗಳಿಂದ ಹೊತ್ತುಕೊಂಡಿರುವ ನಮ್ಮಂತಹ ದೇಶ ಈ ಅಧ್ಯಾಯವನ್ನು ಹೊಟ್ಟೆಕಿಚ್ಚಿಲ್ಲದೆ ಅಭ್ಯಸಿಸಬೇಕು. 2023ರ ಆಗಸ್ಟಿನಲ್ಲಿ ಚೀನಾ ಪ್ರಕಟಿಸಿದ ಅಧಿಕೃತ ಭೂಪಟ ಆ ನಡುಗಡ್ಡೆಯನ್ನು ಇಡಿಯಾಗಿ ತನ್ನದೆಂದು ತೋರಿಸಿತೆಂಬುದನ್ನೂ ಹೇಳದಿರುವಂತಿಲ್ಲ. ಅದೇ ಭೂಪಟದಲ್ಲಿ ಅರುಣಾಚಲ ಪ್ರದೇಶವೂ ಅಕ್ಸಾಯ್ ಚಿನ್ನೂ ಚೀನಾದ ಬಣ್ಣದಲ್ಲಿದ್ದವು. ಭಾರತ ಪ್ರತಿಭಟಿಸಿತು. ಗಡಿಯ ವಿಷಯ ಮುಗಿದಿದೆಯೆಂದಷ್ಟೇ ಹೇಳಿ ಮಾಸ್ಕೋ ಮಾತನ್ನು ಮುಗಿಸಿತು.

1996ರ ಏಪ್ರಿಲಿನಲ್ಲಿ ಎಲ್ತ್ಸಿನ್ ಮತ್ತು ಜಿಯಾಂಗ್ ಜೆಮಿನ್ ‘ವ್ಯೂಹಾತ್ಮಕ ಪಾಲುದಾರಿಕೆ’ಯನ್ನು ಘೋಷಿಸಿದರು. 2001ರಲ್ಲಿ ಶಾಂಘೈ ಸಹಕಾರ ಸಂಘಟನೆಯೂ, ಅದರ ಹಿಂದೆಯೇ ಜುಲೈ 16ರಂದು ಇಪ್ಪತ್ತು ವರ್ಷಗಳ ನೆರೆಹೊರೆ ಸ್ನೇಹದ ಒಪ್ಪಂದವೂ ಏರ್ಪಟ್ಟವು. ಇದನ್ನು 1950ರ ಒಪ್ಪಂದದೊಡನೆ ಹೋಲಿಸಿ ಓದುವುದು ಉಪಯುಕ್ತ. ಬೆದರಿಕೆ ಬಂದಾಗ ಕೂಡಲೇ ಸಮಾಲೋಚಿಸತಕ್ಕದ್ದೆಂದು ಮಾತ್ರ ಹೊಸದು ಹೇಳುತ್ತದೆ. ಸಹಾಯಕ್ಕೆ ಸೇನೆ ಕಳಿಸತಕ್ಕದ್ದೆಂದು ಹೇಳುವುದಿಲ್ಲ. ಹಳೆಯ ಮೈತ್ರಿ ಹತ್ತು ವರ್ಷದೊಳಗೆ ಮುರಿಯಿತು. ಅಷ್ಟು ಭಾರ ಹೊರದ ಈ ಹೊಸ ಸಂಬಂಧ ಮೂವತ್ತು ವರ್ಷ ಬಾಳಿದೆ. ಕರಾರು ಕಡಿಮೆಯಾದಷ್ಟೂ ಕುಂದು ಕೊರತೆಗೆ ಎಡೆ ಕಡಿಮೆ.

ಆದರೆ ಸಹಕಾರದ ಒಳಗೇ ಪೈಪೋಟಿ ಇದೆ. ತೊಂಬತ್ತರ ದಶಕದಲ್ಲಿ ಹಣವಿಲ್ಲದೆ ಸೊರಗಿದ್ದ ರಷ್ಯಾದ ಶಸ್ತ್ರಕಾರ್ಖಾನೆಗಳಿಗೆ ಚೀನಾ ದೊಡ್ಡ ಗಿರಾಕಿಯಾಯಿತು. ಸುಖೋಯ್–27 ವಿಮಾನಗಳನ್ನು ಚೀನಾದಲ್ಲಿಯೇ ತಯಾರಿಸಲು ಪರವಾನಗಿ ಕೊಟ್ಟರು. ಕೆಲಕಾಲದಲ್ಲಿ ಅದನ್ನೇ ಹೋಲುವ ಚೀನೀ ವಿಮಾನ ಸಿದ್ಧವಾದಾಗ ರಷ್ಯನ್ನರು ನಕಲಿನ ದೂರು ಎತ್ತಿದರು. ಮಧ್ಯ ಏಷ್ಯಾದ ಕಥೆ ಇನ್ನೂ ಸೂಕ್ಷ್ಮ. ಅದು ತನ್ನ ಹಿತ್ತಿಲೆಂದು ರಷ್ಯಾ ಬಗೆದಿತ್ತು. 2009ರಲ್ಲಿ ತುರ್ಕ್‌ಮೆನಿಸ್ತಾನದ ಅನಿಲ ಕೊಳವೆಯ ಮೂಲಕ ನೇರವಾಗಿ ಚೀನಾಕ್ಕೆ ಹರಿಯತೊಡಗಿ ರಷ್ಯಾದ ಏಕಸ್ವಾಮ್ಯ ಸಡಿಲವಾಯಿತು. 2013ರಲ್ಲಿ ಚೀನಾ ತನ್ನ ಹೊಸ ರೇಷ್ಮೆಹಾದಿಯ ಯೋಜನೆಯನ್ನು ಮೊದಲಿಗೆ ಸಾರಿದ್ದು ಕಝಾಖಸ್ತಾನದ ರಾಜಧಾನಿಯಲ್ಲಿ. ರಸ್ತೆ, ರೈಲು, ಸಾಲ ಚೀನಾದ್ದು. ಸೈನಿಕ ಭದ್ರತೆ ರಷ್ಯಾದ್ದು ಎಂಬ ಅಲಿಖಿತ ಶ್ರಮವಿಭಜನೆಯೊಂದನ್ನು ವಿದ್ವಾಂಸರು ಗುರುತಿಸಿದ್ದಾರೆ. ಸಾಲ ಕೊಟ್ಟವನು ಇಂದಲ್ಲ ನಾಳೆ ತನ್ನ ಸಾಲದ ಭದ್ರತೆಯನ್ನೂ ತಾನೇ ನೋಡಿಕೊಳ್ಳಬಯಸುತ್ತಾನಾದ್ದರಿಂದ, ಈ ವಿಭಜನೆ ಬಹುಕಾಲ ನಿಲ್ಲುವುದೆಂದು ನನಗೆ ತೋರುವುದಿಲ್ಲ.

ಇನ್ನು ಜನಸಂಖ್ಯೆಯ ಮಾತು. ಬೈಕಲ್ ಸರೋವರದ ಆಚೆಗೆ ಹಬ್ಬಿರುವ ರಷ್ಯಾದ ದೂರಪೂರ್ವ ಪ್ರಾಂತದಲ್ಲಿರುವವರು ಸುಮಾರು 80 ಲಕ್ಷ. ಗಡಿಯ ಈಚೆ ಚೀನಾದ ಈಶಾನ್ಯದ ಮೂರು ಪ್ರಾಂತಗಳಲ್ಲಿ 2020ರ ಗಣತಿಯಂತೆ ಒಂಬತ್ತೂವರೆ ಕೋಟಿಗೂ ಹೆಚ್ಚು. ಈ ಅಂತರವನ್ನು ಮುಂದೊಡ್ಡಿ ‘ಹಳದಿ ಪ್ರವಾಹ’ದ ಭೀತಿಯನ್ನು ಹುಟ್ಟಿಸುವ ಬರಹಗಳು ಹಲವಿವೆ. ಅವನ್ನು ಹಾಗೆಯೇ ನಂಬುವುದು ತಪ್ಪು. ಚೀನಾದ ಆ ಪ್ರಾಂತಗಳೂ ಜನರನ್ನು ಕಳೆದುಕೊಳ್ಳುತ್ತಿವೆ, ಅಲ್ಲಿಯ ಯುವಕರ ಕಣ್ಣು ಶಾಂಘೈ ಕಡೆಗಿದೆಯೇ ಹೊರತು ಸೈಬೀರಿಯಾದ ಕಡೆಗಿಲ್ಲ. ಪರಸ್ಪರ ಎದುರಿರುವ ಬ್ಲಾಗೊವೆಶ್ಚೆನ್‌ಸ್ಕ್ ಮತ್ತು ಹೈಹೆ ಪಟ್ಟಣಗಳ ನಡುವೆ ಅಮೂರ್ ನದಿಗೆ ರಸ್ತೆಯ ಸೇತುವೆ ತೆರೆದದ್ದು 2022ರ ಜೂನಿನಲ್ಲಿ. 1900ರಲ್ಲಿ ಬಾಕ್ಸರ್ ದಂಗೆಯ ಕಾಲಕ್ಕೆ ಅದೇ ಬ್ಲಾಗೊವೆಶ್ಚೆನ್‌ಸ್ಕ್‌ನ ಸಾವಿರಾರು ಚೀನೀ ನಿವಾಸಿಗಳನ್ನು ಅದೇ ನದಿಗೆ ಅಟ್ಟಿ ಕೊಲ್ಲಲಾಗಿತ್ತು.

2022ರ ಫೆಬ್ರವರಿ 4ರಂದು ಪುಟಿನ್ ಮತ್ತು ಶೀ ಜಿನ್‌ಪಿಂಗ್ ತಮ್ಮ ಸ್ನೇಹಕ್ಕೆ ಮಿತಿಗಳಿಲ್ಲವೆಂದು ಸಾರಿದರು. ಇಪ್ಪತ್ತು ದಿನಗಳ ಬಳಿಕ ರಷ್ಯಾದ ಸೇನೆ ಉಕ್ರೇನನ್ನು ಹೊಕ್ಕಿತು. ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ಅದನ್ನು ಖಂಡಿಸಿದಾಗ ಚೀನಾ ರಷ್ಯಾದ ಪರ ಮತ ಹಾಕಲಿಲ್ಲ. ಭಾರತದಂತೆಯೇ ತಟಸ್ಥವಾಗಿ ಉಳಿಯಿತು. ಕ್ರಿಮಿಯಾ ರಷ್ಯಾದ ಭಾಗವೆಂದು ಅದು ಮಾನ್ಯ ಮಾಡಿಲ್ಲ. ಅಮೆರಿಕ ಬ್ಯಾಂಕುಗಳ ಮೇಲೆ ನಿರ್ಬಂಧದ ಬೆದರಿಕೆ ಹಾಕಿದ ಮೇಲೆ 2024ರಲ್ಲಿ ಚೀನೀ ಬ್ಯಾಂಕುಗಳೇ ರಷ್ಯಾದ ಪಾವತಿಗಳನ್ನು ತಡೆಹಿಡಿದವು. ಆದರೂ ವ್ಯಾಪಾರ 2023ರಲ್ಲಿ 240 ಶತಕೋಟಿ ಡಾಲರು ಮುಟ್ಟಿತು. ಇಲ್ಲಿ ಮೊತ್ತಕ್ಕಿಂತ ಪ್ರಮಾಣ ಮುಖ್ಯ: ರಷ್ಯಾದ ಹೊರವ್ಯಾಪಾರದಲ್ಲಿ ಚೀನಾದ ಪಾಲು ಸುಮಾರು ಮೂರರಲ್ಲೊಂದು, ಚೀನಾದ ಹೊರವ್ಯಾಪಾರದಲ್ಲಿ ರಷ್ಯಾದ ಪಾಲು ನೂರಕ್ಕೆ ನಾಲ್ಕರ ಆಸುಪಾಸು. ಒಬ್ಬನಿಗೆ ಜೀವನಾಧಾರವಾದದ್ದು ಇನ್ನೊಬ್ಬನಿಗೆ ಒಂದು ಅಂಗಡಿ.

ಅನಿಲದ ಕೊಳವೆಗಳ ವ್ಯವಹಾರದಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ಕ್ರಿಮಿಯಾ ಪ್ರಕರಣದಿಂದ ಐರೋಪ್ಯರು ಮುನಿದಿದ್ದ 2014ರ ಮೇ ತಿಂಗಳಲ್ಲಿ, ಹತ್ತು ವರ್ಷ ಎಳೆದಾಡಿದ್ದ ಮಾತುಕತೆ ಒಮ್ಮೆಲೇ ಮುಗಿದು, ವರ್ಷಕ್ಕೆ 38 ಶತಕೋಟಿ ಘನಮೀಟರಿನಂತೆ ಮೂವತ್ತು ವರ್ಷ ಅನಿಲ ಪೂರೈಸುವ ಕರಾರಾಯಿತು. ಎರಡನೆಯ ಕೊಳವೆ ಮಂಗೋಲಿಯಾದ ಮೂಲಕ ಹಾಯಬೇಕಾದದ್ದು. ಐರೋಪ್ಯ ಮಾರುಕಟ್ಟೆ ಬಹುಮಟ್ಟಿಗೆ ಕೈತಪ್ಪಿದ ಮೇಲೆ ರಷ್ಯಾಕ್ಕೆ ಅದರ ಅವಸರ ಹೆಚ್ಚಿತು; ಚೀನಾಕ್ಕೆ ಅವಸರವಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದರ ಒಡಂಬಡಿಕೆಗೆ ಸಹಿಯಾಯಿತೆಂದು ರಷ್ಯಾದ ಅನಿಲಸಂಸ್ಥೆ ಘೋಷಿಸಿತಾದರೂ ಬೆಲೆಯನ್ನು ಅಂದು ಯಾರೂ ಹೇಳಲಿಲ್ಲ. ಸಂತೆಯಲ್ಲಿ ಎತ್ತು ಮಾರಿದವನಿಗೆ ಗೊತ್ತು, ಬೆಲೆ ಆಡದೆ ಕೈ ಕುಲುಕುವವರಲ್ಲಿ ಯಾರ ಕೈ ಮೇಲಿರುತ್ತದೆಂದು.

ಈ ಸ್ಥಿತಿಯನ್ನು ವಿವರಿಸಲು ಪಾಶ್ಚಾತ್ಯರು ‘ಅನುಕೂಲದ ಅಕ್ಷ’ ಮುಂತಾದ ಹೆಸರುಗಳನ್ನು ಕಟ್ಟಿದ್ದಾರೆ. ನಮಗೆ ಹತ್ತಿರದಲ್ಲಿಯೇ ಇನ್ನೊಂದು ಪರಿಭಾಷೆ ಇದೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಹೊರತೆಗೆದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ ರಾಜನೀತಿಗೆ ಆರು ಗುಣಗಳನ್ನು ಹೇಳುತ್ತದೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಒಬ್ಬನೊಡನೆ ಸಂಧಿ ಮಾಡಿಕೊಂಡು ಇನ್ನೊಬ್ಬನೊಡನೆ ವಿಗ್ರಹ ಹೂಡುವುದು ದ್ವೈಧೀಭಾವ. 1996ರಿಂದ ಎರಡೂ ದೇಶಗಳು ಅಮೆರಿಕವನ್ನು ಮುಂದಿಟ್ಟುಕೊಂಡು ನಡೆಸಿದ್ದು ಬಹುಮಟ್ಟಿಗೆ ಇದನ್ನೇ. ಬಲಿಷ್ಠನೊಬ್ಬನಿಗೆ ತನ್ನನ್ನು ಒಪ್ಪಿಸಿಕೊಳ್ಳುವುದು ಸಂಶ್ರಯ. ಗಡಿಗೆ ಹೊಂದಿದ ಅರಸನನ್ನೇ ಸಹಜಶತ್ರುವೆಂದು ಎಣಿಸುವ ಕೌಟಿಲ್ಯ, ತನಗಿಂತ ಮಿಗಿಲಾದ ಬಲವುಳ್ಳವನೊಡನೆ ಕೂಡುವುದು ಅರಸರಿಗೆ ಮಹಾದೋಷವೆಂದು ಎಚ್ಚರಿಸುತ್ತಾನೆ. ಅದಕ್ಕೆ ಅವನು ಒಂದೇ ಒಂದು ವಿನಾಯಿತಿಯನ್ನು ಕೊಡುತ್ತಾನೆ: ಶತ್ರುವಿನೊಡನೆ ಯುದ್ಧದಲ್ಲಿ ತೊಡಗಿರುವಾಗ. 2022ರ ನಂತರದ ರಷ್ಯಾ ನಿಂತಿರುವುದು ಆ ವಿನಾಯಿತಿಯ ಒಳಗೆ. ಯುದ್ಧ ನಿಂತ ಮರುದಿನ ವಿನಾಯಿತಿ ಉಳಿಯುವುದಿಲ್ಲ, ದೋಷ ಉಳಿಯುತ್ತದೆ. ಆಗ ಮಾಸ್ಕೋದವರು ದ್ವೈಧೀಭಾವಕ್ಕೆ ಮರಳಬಲ್ಲರೋ, ಅಥವಾ ಸಂಶ್ರಯದಲ್ಲಿಯೇ ನೆಲೆಗೊಳ್ಳುವರೋ ಎಂಬುದು ಪಂಡಿತರ ಚರ್ಚೆಗೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ.

ಏಕೆಂದರೆ ಅದರ ಉತ್ತರ ಲಡಾಖಿನವರೆಗೆ ಮುಟ್ಟುತ್ತದೆ. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ಭಾರತದ 20 ಯೋಧರು ಮಡಿದರು. ಅದೇ ತಿಂಗಳು ನಮ್ಮ ರಕ್ಷಣಾ ಸಚಿವರು ಮಾಸ್ಕೋಗೆ ಹೋದರು. ನಮ್ಮ ಸೇನೆಯ ಟ್ಯಾಂಕು, ವಿಮಾನಗಳ ಬಿಡಿಭಾಗಗಳಿಗೆ ಬಹುವಾಗಿ ಅಲ್ಲಿಯೇ ಕೇಳಬೇಕು. ಸೆಪ್ಟೆಂಬರ್ 10ರಂದು ಭಾರತ, ಚೀನಾಗಳ ವಿದೇಶಾಂಗ ಸಚಿವರು ಭೇಟಿಯಾಗಿ ಐದು ಅಂಶಗಳಿಗೆ ಒಪ್ಪಿದ್ದೂ ಮಾಸ್ಕೋದಲ್ಲಿಯೇ. ಇಬ್ಬರಿಗೂ ಬೇಕಾದವನ ಮನೆಯ ಜಗಲಿಯಲ್ಲಿ ಆ ಮಾತು ಸಾಧ್ಯವಾಯಿತು. ಆ ಮನೆಯ ಯಜಮಾನ ಇಬ್ಬರಲ್ಲೊಬ್ಬನಿಗೆ ಸಾಲಗಾರನಾಗಿರುವಾಗ ಅದೇ ಜಗಲಿಯಲ್ಲಿ ನಮಗೆ ಎಷ್ಟು ಅಗಲದ ಚಾಪೆ ಹಾಸಿಯಾನೆಂಬುದನ್ನು ದೆಹಲಿಯ ಸಂಧಿವಿಗ್ರಹಿಗಳು ಈಗಾಗಲೇ ಅಳೆಯತೊಡಗಿದ್ದಾರೆ.